ದೊಡ್ಡಮ್ಮನ ಹೆಸರಿನ ಲೈಸೆನ್ಸು

"ಊಟ ಮಾಡಿದ್ನಾ ಅವನು?"

ಮುದುಕಿ ಕೇಳಿದ್ದು ಅಷ್ಟೇ. ತೊಡೆಯ ಮೇಲಿದ್ದ ಕಂಬಳಿಯ ಸುಕ್ಕನ್ನು ಅಂಗೈಯಲ್ಲಿ ಒಮ್ಮೆ ತೀಡಿ, ಮತ್ತೆ ಎದುರಿನ ಕಿಟಕಿ ನೋಡುತ್ತ ಕೂತಳು.

ಮೊನ್ನೆ ಮಧ್ಯಾಹ್ನ ಇದೇ ಮನೆಯ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ, ಕೆಳಗಿನ ಹೆಂಡದಂಗಡಿಯ ವರ್ಷದ ತಪಾಸಣೆಗೆಂದು ಬಂದಿದ್ದ ಪರವಾನಗಿ ಅಧಿಕಾರಿ ಹೆಣವಾಗಿ ಸಿಕ್ಕಿದ್ದರು. ಆ ಸುದ್ದಿಯನ್ನು ಇಷ್ಟು ವಯಸ್ಸಾದವರಿಗೆ ಹೇಗೆ ಹೇಳುವುದೆಂದು ಇನ್ಸ್‌ಪೆಕ್ಟರಮ್ಮ ಮಹಡಿ ಹತ್ತುವಷ್ಟು ಹೊತ್ತೂ ಯೋಚಿಸಿ, ಕೊನೆಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದ್ದಳು. ಅದಕ್ಕೆ ಬಂದ ಮಾತು ಇದು.

"ಗೊತ್ತಿಲ್ಲಮ್ಮ," ಅಂದಳು.

"ಹಸಿದ ಹೊಟ್ಟೇಲಿ ಕೆಲಸಕ್ಕೆ ಹೋಗಬಾರದು," ಅಂದಳು ಮುದುಕಿ.

ವಯಸ್ಸಾದವರ ಮಾತು, ಎಲ್ಲಿಂದೆಲ್ಲಿಗೋ ಹಾರುತ್ತದೆ ಅಂದುಕೊಂಡು ಇನ್ಸ್‌ಪೆಕ್ಟರಮ್ಮ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಕೋಣೆ ಚಿಕ್ಕದು. ಕುರ್ಚಿಯ ಬಲಕ್ಕೆ ಮಂಚ ಅಡ್ಡ ಬಂದಿತ್ತು. ಹಾಗಾಗಿ ಎಡಗಡೆಯೇ ಕೂರಬೇಕಾಯಿತು.

"ಸಾಹೇಬರು ನಿಮ್ಮನ್ನ ನೋಡೋಕೆ ಮೇಲೆ ಬಂದಿದ್ರಾ?"

"ಬಂದ. ವರ್ಷವರ್ಷವೂ ಬರ್ತಾನಲ್ಲ. ಬದುಕಿದೀನಾ ಅಂತ ನೋಡ್ಕೊಂಡು ಹೋಗ್ತಾನೆ."

"ಏನಾದ್ರೂ ಮಾತಾಡಿದ್ರಾ?"

"ಅವನು ಮಾತಾಡ್ತಾನೆ. ನಾನು ಕೇಳ್ತೀನಿ."

"ಆಮೇಲೆ?"

"ಕೆಳಗೆ ಹೋದ."

ಇನ್ಸ್‌ಪೆಕ್ಟರಮ್ಮ ಹೆಚ್ಚು ಒತ್ತಾಯ ಮಾಡದೆ ಎದ್ದಳು. ಹೋದ ತಿಂಗಳು ತಾಯಿಯನ್ನು ಮಣ್ಣು ಮಾಡಿ ಬಂದಾಗಿನಿಂದ ಅವಳ ದನಿ ಏಳುತ್ತಲೇ ಇರಲಿಲ್ಲ. ಠಾಣೆಯಲ್ಲೂ ಎಲ್ಲರೂ "ಏನಂದ್ರಿ ಮೇಡಂ?" ಎಂದು ಎರಡೆರಡು ಸಲ ಕೇಳಬೇಕಾಗುತ್ತಿತ್ತು. ಅತ್ತಿದ್ದಿದ್ದರೆ ಸರಿಹೋಗುತ್ತಿತ್ತೇನೋ. ಅಳು ಬರಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿದ ಕೈ ಜೋಮು ಹಿಡಿದಂತೆ ಒಳಗೆಲ್ಲ ಏನೋ ಸತ್ತು ಬಿದ್ದಿತ್ತು. ಚಿವುಟಿದರೆ ತನ್ನದೇ ಅಂತ ಗೊತ್ತಾಗುತ್ತಿರಲಿಲ್ಲ.

ಹೊರಗೆ ಬಂದರೆ ಪೇದೆ ಕಾಯುತ್ತಿದ್ದ. ಇಲಾಖೆಯಲ್ಲಿ ಅವನಿಗೆ ಮೌನಿ ಎಂದು ಹೆಸರು. ಅವನು ಬಾಯಿ ಮುಚ್ಚಿದ್ದನ್ನು ಯಾರೂ ಕಂಡವರಿಲ್ಲ.

"ಡಾಕ್ಟರು ಫೋನ್ ಮಾಡಿದ್ರು ಮೇಡಂ. ಪೆಟ್ಟು ಬಿದ್ದಿರೋದು ಹಿಂದಲೆಗಂತೆ. ಇಳಿಯುವಾಗ ಮುಗ್ಗರಿಸಿ ಬಿದ್ದಿದ್ರೆ ಮುಖ ಒಡೀಬೇಕಿತ್ತಂತೆ. ಎದೆ ಹತ್ತಿರ ಅಂಗಿ ಗುಂಡಿ ಕಿತ್ತು ಬಂದಿದೆ. ಅಂದ್ರೆ ಮೇಲ್ಗಡೆ, ಮೆಟ್ಟಿಲಿಗೆ ಬೆನ್ನು ಮಾಡಿ ನಿಂತಿದ್ರು. ಎದುರಿಗೆ ಯಾರೋ ಇದ್ರು. ಆ ಯಾರೋ ಎದೆಗೆ ಕೈ ಹಾಕಿ ತಳ್ಳಿದ್ರು. ಹೀಗೆ," ಎಂದು ಗಾಳಿಯನ್ನು ತಳ್ಳಿ ತೋರಿಸಿದ. "ಬಡಪಾಯಿ. ಮನೆಗೆ ಹೋಗಿದ್ದೆ. ಹೆಂಡತಿ ಮೂಲೆ ಹಿಡಿದು ಕೂತಿದಾರೆ. ತಾಯಿ ಎಲ್ಲೋ ಮಗಳ ಮನೇಲಿದಾರಂತೆ, ಇನ್ನೂ ತಿಳಿಸಿಲ್ವಂತೆ."

"ಆ ಹೊತ್ತಲ್ಲಿ ಅಂಗಡೀಲಿ ಯಾರ್‍ಯಾರಿದ್ರು?"

"ಮೇಲಿರೋ ದೊಡ್ಡಮ್ಮನ ಸೊಸೆ ಒಬ್ಬರೇ. ಗಿರಾಕಿ ಅಂದ್ರೆ ಕತ್ತರಿ ಒಬ್ಬರು. ಅಂಗಡಿಗೆ ಬೀಗ ಹಾಕಿಸಿದ್ರೂ ಮನುಷ್ಯ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದಾರೆ ನೋಡಿ."

ಕತ್ತರಿ ಎಂದರೆ ಎದುರು ಸಾಲಿನ ಮುದಿ ದರ್ಜಿ. ಹೊಲಿಗೆ ಬಿಟ್ಟು ವರ್ಷಗಳಾಗಿದ್ದರೂ ಎದುರಿಗೆ ಬಂದವರ ಭುಜದ ಅಳತೆಯನ್ನು ಕಣ್ಣಲ್ಲೇ ತೆಗೆಯುವ ಚಾಳಿ ಹೋಗಿರಲಿಲ್ಲ. ಇನ್ಸ್‌ಪೆಕ್ಟರಮ್ಮನ ಸಮವಸ್ತ್ರವನ್ನೂ ಒಂದು ಸಲ ಮೇಲಿಂದ ಕೆಳಕ್ಕೆ ನೋಡಿ, "ಸಣ್ಣಗಾಗಿದೀರ ತಾಯಿ, ಅಂಗಿ ಜೋತು ಬಿದ್ದಿದೆ," ಅಂದ.

ಅವಳು ಅವನನ್ನು ಒಳಗೆ ಕರೆದುಕೊಂಡು ಹೋದಳು. ಉದ್ದನೆಯ ಹಜಾರ. ಒಂದು ಕಡೆ ಬಾಟಲಿಗಳ ಗೂಡು, ಮರದ ಕಟ್ಟೆ. ಇನ್ನೊಂದು ಕಡೆ ದಪ್ಪ ಗೋಡೆ. ಗೋಡೆಯಾಚೆ ಜೂಜಿನ ಮಿಷನ್ನುಗಳ ಕೋಣೆ.

"ಈ ಗೋಡೆ ಮನೆಯ ಅಂದಾನೆಲ್ಲ ಕೆಡಿಸಿದೆಯಲ್ಲ," ಅಂದಳು.

"ಇದನ್ನ ಕಟ್ಟಿದ್ದು ಗಾರೆಯವನಲ್ಲ ತಾಯಿ, ಸರ್ಕಾರ," ಎಂದ ಕತ್ತರಿ. ತನ್ನ ಮಾಮೂಲು ಕುರ್ಚಿಯಲ್ಲಿ ಆರಾಮಾಗಿ ಕೂತ. "ನಾನು ಚಿಕ್ಕವನಿದ್ದಾಗ ಕುಡಿಯೋದೇ ಅಪರಾಧ. ಆಗ ದೊಡ್ಡಮ್ಮನ ಗಂಡ ಇಲ್ಲಿ ಹಿಟ್ಟಿನ ಅಂಗಡಿ ಇಟ್ಟಿದ್ದ. ಕೆಳಗೆ ನೆಲಮಾಳಿಗೇಲಿ ಭಟ್ಟಿ. ಹಿಟ್ಟು ಕೊಳ್ಳೋಕೆ ಬಂದವರೆಲ್ಲ ತೂರಾಡ್ಕೊಂಡು ಮನೆಗೆ ಹೋಗ್ತಿದ್ರು."

ಮೌನಿ ಕಿಸಕ್ಕನೆ ನಕ್ಕ. ಇನ್ಸ್‌ಪೆಕ್ಟರಮ್ಮ ನಗಲಿಲ್ಲ. ಕತ್ತರಿಗೆ ಒಬ್ಬ ಕೇಳುಗ ಸಾಕಿತ್ತು.

"ಆಮೇಲೆ ಸ್ವಲ್ಪ ಸಡಿಲ ಬಿಟ್ರು. ಡಾಕ್ಟರ ಚೀಟಿ ಇದ್ದವರು ಔಷಧಿ ಅಂತ ಕುಡೀಬಹುದು ಅಂದ್ರು. ಆ ವರ್ಷ ಊರಿಗೆ ಊರೇ ಕಾಯಿಲೆ ಬಿತ್ತು ನೋಡಿ! ನನಗೆ ಮಂಡಿನೋವು, ನಮ್ಮಣ್ಣನಿಗೆ ನಿದ್ದೆ ಬರ್ತಿರಲಿಲ್ಲ. ಅದೂ ಮುಗೀತು, ಲೈಸೆನ್ಸು ಬಂತು. ಕುಡಿಯೋರು ಬೀದಿಗೆ ಕಾಣಬಾರದು ಅಂದ್ರು, ಗಾಜಿಗೆಲ್ಲ ಹಸಿರು ಬಣ್ಣ ಬಳಿದ್ವಿ. ಇನ್ನೊಬ್ಬ ಮಂತ್ರಿ ಬಂದ. ಒಳಗೆ ಏನು ನಡೀತಿದೆ ಅಂತ ಬೀದಿಗೆ ಕಾಣಲೇಬೇಕು ಅಂದ, ಕೂತು ಕೆರೆದ್ವಿ."

"ಜೂಜು?"

"ಇಸ್ಪೀಟು ಒಂದು ಕಾಲಕ್ಕೆ ಜೂಜು, ಒಂದು ಕಾಲಕ್ಕೆ ಜಾಣತನ. ಕೋರ್ಟು ಹೇಳಿದ ಹಾಗೆ. ಎಲೆ ಅವೇ, ಕೈ ಅವೇ. ಕೊನೆಗೆ ಮಿಷನ್ನು ಬಂತು. ತೆರಿಗೆ ಚೆನ್ನಾಗಿ ಬರತ್ತೆ ಅಂತ ಸರ್ಕಾರಾನೇ ಬೆನ್ನು ತಟ್ಟಿ ಇಡಿಸ್ತು. ಮನೆಗಳು ಹಾಳಾದವು. ಆಗ ಕಣ್ಣು ಬಿಟ್ಟು, ಕುಡಿಯೋದೂ ಆಡೋದೂ ಒಂದೇ ಕೋಣೇಲಿ ಬೇಡ, ನಡುವೆ ಗೋಡೆ ಕಟ್ಟಿ ಅಂತು. ಕಟ್ಟಿದ್ರು. ಕುಡಿದವರು ಈ ಬಾಗಿಲಿಂದ ಹೊರಗೆ ಹೋಗಿ ಆ ಬಾಗಿಲಿಂದ ಒಳಗೆ ಬರ್ತಿದ್ರು, ಅಷ್ಟೇ."

"ಈಗಿನ ಕಾನೂನು?"

"ಈಗ ಎರಡೂ ಒಟ್ಟಿಗಿರೋ ಹೊಸ ಜಾಗಕ್ಕೆ ಲೈಸೆನ್ಸೇ ಇಲ್ಲ. ಹಳೇದು ಯಾರ ಹೆಸರಲ್ಲಿದೆಯೋ ಅವರು ಇರೋವರೆಗೆ ಮಾತ್ರ. ಮಕ್ಕಳಿಗೆ ಬರಲ್ಲ, ಮಾರೋ ಹಾಗಿಲ್ಲ. ಅವರು ಇದೇ ಮನೇಲಿ ವಾಸ ಇರಬೇಕು, ವರ್ಷಕ್ಕೊಂದು ಸಲ ಸಾಹೇಬರು ಬಂದು ಕಣ್ಣಾರೆ ನೋಡಬೇಕು. ಇಲ್ಲಿರೋದು ದೊಡ್ಡಮ್ಮನ ಹೆಸರಲ್ಲಿ. ಈ ಅಂಗಡಿಯ ಉಸಿರೆಲ್ಲ ಅವಳ ಮೂಗಲ್ಲಿದೆ ಅನ್ನಿ."

"ಈಗಷ್ಟೇ ಮಾತಾಡಿಸ್ಕೊಂಡು ಬಂದೆ ಅವರನ್ನ."

"ಹೌದಾ? ಗಂಟಲು ಹರೀಲಿಲ್ವಾ?" ಕತ್ತರಿ ಅವಳ ಸಣ್ಣ ದನಿಯನ್ನು ಆಗಿನಿಂದ ಕಿವಿಗೊಟ್ಟು ಕೇಳುತ್ತಿದ್ದವನು. "ಬಲಗಡೆ ತಾನೇ ಕೂತಿದ್ರಿ? ಕಳ್ಳಭಟ್ಟಿ ಕಾಲದಲ್ಲಿ ಒಂದು ಸಲ ಒಲೆ ಸಿಡೀತು. ಎಡಗಿವಿ ಪೂರ್ತಿ ಹೋಯ್ತು ಅವಳಿಗೆ, ಬಲಗಿವಿ ಅರೆಬರೆ. ನಾವೆಲ್ಲ ಬಲಕ್ಕೆ ನಿಂತು ಬೊಬ್ಬೆ ಹೊಡೀಬೇಕಿತ್ತು. ಎಡಕ್ಕೆ ಕೂತರೆ ಗೋಡೆ ಜೊತೆ ಮಾತಾಡಿದ ಹಾಗೆ."

ಇನ್ಸ್‌ಪೆಕ್ಟರಮ್ಮ ಒಮ್ಮೆ ಮಹಡಿಯ ಕಡೆ ತಲೆ ಎತ್ತಿ ನೋಡಿದಳು.

"ಕೊನೇ ಸಲ ನೀವು ಅವರ ಹತ್ತಿರ ಮಾತಾಡಿದ್ದು ಯಾವಾಗ?"

"ಮಗ ಹೋದ ಮೇಲೆ ಅವಳು ಕೆಳಗೇ ಇಳಿದಿಲ್ಲ ತಾಯಿ. ಕಿಟಕೀಲಿ ತಲೆ ಕಾಣತ್ತೆ. ನಾನು ಬೀದಿಯಿಂದ ಕೈ ಎತ್ತುತೀನಿ. ಅವಳೂ ಎತ್ತುತಾಳೆ. ನನ್ನ ಕಣ್ಣು ಮೊದಲಿನ ಹಾಗಿಲ್ಲ, ಆದ್ರೂ ಶಾಲು ಗುರುತು ಸಿಗತ್ತೆ. ನಾನೇ ಅಂಚು ಹೊಲಿದಿದ್ದು."

ಮೌನಿಗೆ ವಿಷಯ ಅರ್ಥವಾಗಿತ್ತು. ಬಾಯಿ ತೆರೆದ. ಇನ್ಸ್‌ಪೆಕ್ಟರಮ್ಮ ಕಣ್ಣಲ್ಲೇ ಬೇಡವೆಂದಳು. ಅವನು ಬಾಯಿ ಮುಚ್ಚಿದ.

ಸೊಸೆ ಗೋಡೆಯಾಚೆ ಇದ್ದಳು. ಮಿಷನ್ನುಗಳೆಲ್ಲ ಆರಿ ನಿಂತಿದ್ದವು. ಅವಳು ಒದ್ದೆ ಬಟ್ಟೆ ಹಿಡಿದು ಒಂದೊಂದರ ಗಾಜನ್ನೂ ಒರೆಸುತ್ತಿದ್ದಳು. ಮೊನ್ನೆಯೂ ಹೀಗೇ ಒರೆಸುತ್ತಿದ್ದಳು, ಹೆಣ ಎತ್ತುವಾಗಲೂ.

"ಬೀಗ ಬಿದ್ದಿರೋ ಅಂಗಡೀಲಿ ಯಾರು ಧೂಳು ನೋಡ್ತಾರೆ?" ಎಂದು ಇನ್ಸ್‌ಪೆಕ್ಟರಮ್ಮ ಎತ್ತರದ ಸ್ಟೂಲೊಂದರ ಮೇಲೆ ಕೂತಳು.

"ಇವು ಆರಿದ್ದಾಗ ನನ್ನ ಮುಖ ಕಾಣತ್ತೆ ಮೇಡಂ. ಒರೆಸಿದ್ರೆ ಹೋಗತ್ತೇನೋ ಅಂತ."

"ಮೇಲಿರೋರು ಯಾರು?"

"ನಮ್ಮತ್ತೆ."

"ನಿಮ್ಮತ್ತೆಗೆ ಎಡಗಿವಿ ಕೇಳಲ್ಲ. ನಾನು ಎಡಗಡೆ ಕೂತು ಇದೇ ದನೀಲಿ ಕೇಳಿದ್ದಕ್ಕೆಲ್ಲ ಅವರು ಉತ್ತರ ಕೊಟ್ರು."

ಸೊಸೆಯ ಕೈ ಗಾಜಿನ ಮೇಲೆ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು, ನಿಂತಿತು. ಅವಳು ಹೆದರಲಿಲ್ಲ, ಅಳಲಿಲ್ಲ. ಹೊತ್ತು ತಂದ ಮೂಟೆಯನ್ನು ಸಿಕ್ಕ ಕಟ್ಟೆಯ ಮೇಲೆ ಇಳಿಸುವವರ ಹಾಗೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು.

"ಅತ್ತೆ ಇಲ್ಲ ಮೇಡಂ. ತೀರಿಹೋದ್ರು."

"ಯಾವಾಗ?"

"ಅದಕ್ಕೆ ಮೊದಲು ನನ್ನ ಯಜಮಾನರು ಹೋದ್ರು. ಇದೇ ಮಿಷನ್ನಿನ ಮುಂದೆ ಕೂತು ಕೂತು. ಮೊದಮೊದಲು ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ಪರೀಕ್ಷೆ ಮಾಡ್ತೀನಿ ಅಂತಿದ್ರು. ತಮ್ಮದೇ ಅಂಗಡೀಲಿ ತಾವೇ ಸೋತ್ರು. ಒಂದು ದಿನ ಬೆಳಿಗ್ಗೆ ನದೀಲಿ ಸಿಕ್ಕಿದ್ರು." ಊರಿನ ಯಾರದೋ ಸುದ್ದಿ ಹೇಳುವಂತೆ ಹೇಳುತ್ತಿದ್ದಳು. "ಅತ್ತೆ ಒಂದೇ ಮಾತು ಅಂದ್ರು. ಈ ಮನೇಲಿ ಇವಿರಬೇಕು, ಇಲ್ಲಾ ನಾನಿರಬೇಕು ಅಂತ. ನಾನು ಉತ್ತರ ಕೊಡಲಿಲ್ಲ. ಕುಡಿಯೋಕೆ ಬರೋರು ಈಗ ಎಷ್ಟು ಜನ ಮೇಡಂ? ಹೊಟ್ಟೆಪಾಡು ನಡೀತಿದ್ದಿದ್ದೇ ಇವುಗಳಿಂದ. ಮಾರನೇ ದಿನ ಎದ್ದು ನೋಡಿದ್ರೆ ಅತ್ತೆ ಇಲ್ಲ. ಶಾಲನ್ನೂ ತಗೊಂಡು ಹೋಗಿರಲಿಲ್ಲ."

"ಹುಡುಕಿಸಲಿಲ್ವಾ?"

"ಪರವಾನಗಿ ಸಾಹೇಬರು ಹುಡುಕಿಸ್ತೀನಿ ಅಂದ್ರು. ವರ್ಷದ ತಪಾಸಣೆಗೆ ಬಂದವರಿಗೆ ಅತ್ತೆ ಇಲ್ಲ ಅಂತ ಗೊತ್ತಾಯ್ತಲ್ಲ. ಸ್ವಲ್ಪ ದಿನ ಬಿಟ್ಟು ಬಂದ್ರು. ದೂರದ ಊರಿನ ಯಾವುದೋ ಆಶ್ರಮದಲ್ಲಿ ತೀರಿಹೋದ್ರು, ಮಣ್ಣೂ ಆಯ್ತು ಅಂದ್ರು."

"ನೀವು ಹೋಗಿ ನೋಡಿದ್ರಾ?"

"ಇಲ್ಲ."

"ಯಾಕೆ?"

"ನೋಡಿದ್ರೆ ಸತ್ತಿದಾರೆ ಅಂತ ಗೊತ್ತಾಗ್ತಿತ್ತು. ನೋಡದೇ ಇದ್ರೆ ಬರೀ ಕೇಳಿದ್ದು. ಕೇಳಿದ್ದನ್ನ ಮರೀಬಹುದು."

ಇನ್ಸ್‌ಪೆಕ್ಟರಮ್ಮನಿಗೆ ಅದು ಅರ್ಥವಾಯಿತು. ಅವಳೂ ತಾಯಿಯ ಮುಖದ ಬಟ್ಟೆ ಸರಿಸಿದಾಗ ಕಿಟಕಿಯ ಕಡೆ ನೋಡಿದ್ದಳು. ಆದರೂ ಕೇಳಬೇಕಾದ್ದು ಬಾಕಿ ಇತ್ತು.

"ಮೇಲಿರೋರನ್ನ ತಂದವರು ಯಾರು?"

"ಅವರೇ. ಸಾಹೇಬರೇ. ಅಂಗಡಿ ಮುಚ್ಚಬೇಕಾಗಿಲ್ಲ ಅಂದ್ರು. ಕಾನೂನಿಗೆ ಬೇಕಾಗಿರೋದು ಬದುಕಿರೋ ಒಬ್ಬ ಮುದುಕಿ, ಅವರು ಬದುಕಿದಾರೆ ಅಂತ ನೋಡಿ ಹೇಳೋನು ನಾನು ಅಂದ್ರು. ನೀನು ಅವಳಿಗೆ ಹೊತ್ತುಹೊತ್ತಿಗೆ ಊಟ ಹಾಕು, ಒಂದು ಕೋಣೆ ಕೊಡು, ಸಾಕು ಅಂದ್ರು." ಸೊಸೆ ತಲೆ ಎತ್ತಿದಳು. "ಅವರ ಮನೇಲಿ ಹೆಂಡತಿಗೂ ಅತ್ತೆಗೂ ಒಂದು ದಿನಾನೂ ಆಗ್ತಿರಲಿಲ್ವಂತೆ."

"ಅಂದ್ರೆ..."

"ಹೌದು. ಮೇಲಿರೋದು ಅವರ ತಾಯಿ."

ಪಕ್ಕದಲ್ಲಿ ನಿಂತಿದ್ದ ಮೌನಿ, "ಅಯ್ಯೋ," ಅಂದ.

ಸ್ವಲ್ಪ ಹೊತ್ತಿನ ಮುಂಚೆ ಇನ್ಸ್‌ಪೆಕ್ಟರಮ್ಮ ಆ ಕೋಣೆಯಲ್ಲಿ ಸ್ಟೂಲು ಎಳೆದುಕೊಂಡು ಕೂತು, ಯಾವುದೋ ಇಲಾಖೆಯ ಯಾರೋ ಒಬ್ಬರು ತೀರಿಕೊಂಡರೆಂದು ಹೇಳಿದ್ದಳು. 'ನೀವು ಗಾಬರಿಯಾಗಬೇಡಿ, ನಿಮಗೇನೂ ತೊಂದರೆ ಇಲ್ಲ' ಎಂದೂ ಸೇರಿಸಿದ್ದಳು. ಊಟ ಮಾಡಿದ್ನಾ ಅವನು? ಅದು ವಯಸ್ಸಿನ ಮರುಳಲ್ಲ. ತಾಯಿಯೊಬ್ಬಳು ಕೇಳಬಹುದಾದ ಮೊದಲ ಪ್ರಶ್ನೆ.

ಈಗಲಾದರೂ ಎದೆಯಲ್ಲಿ ಏನಾದರೂ ಮುರಿಯುತ್ತದೆಯೇ ಎಂದು ಕಾದಳು. ಏನೂ ಆಗಲಿಲ್ಲ.

"ಮೊನ್ನೆ ಏನಾಯ್ತು?"

"ಬರೋ ವರ್ಷದಿಂದ ಇನ್ನೊಂದು ನಿಯಮ ಬರತ್ತಂತೆ. ಹೆಬ್ಬೆರಳು ಒತ್ತಿಸಿ ಹಳೇ ಗುರುತಿಗೆ ಹೋಲಿಸಿ ನೋಡ್ತಾರಂತೆ. ಇನ್ನು ಈ ಆಟ ನಡೆಯಲ್ಲ, ಅಮ್ಮನ್ನ ಕರ್ಕೊಂಡು ಹೋಗ್ತೀನಿ ಅಂತ ಮೇಲೆ ಹೋದ್ರು. ಅವರು ಬರಲ್ಲ ಅಂದ್ರಂತೆ."

"ಮಗನ ಮನೆಗೆ ಬರಲ್ಲ ಅಂದ್ರಾ?"

"ಅಲ್ಲಿ ಅವರು ಮೂಲೇಲಿದ್ದ ಮುದುಕಿ ಮೇಡಂ. ಇಲ್ಲಿ ದೊಡ್ಡಮ್ಮ. ಬೀದೀಲಿ ಹೋಗೋರೆಲ್ಲ ಕೈ ಎತ್ತುತಾರೆ."

"ಸಾಹೇಬರನ್ನ ತಳ್ಳಿದ್ದು ನೀವಾ?"

"ನಾನಾ?" ಸೊಸೆ ಮೊದಲ ಸಲ ನಕ್ಕಳು. ಸಂತೋಷದ ನಗೆಯಲ್ಲ. "ಅತ್ತೆ ಬದುಕಿದಾರೆ ಅಂತ ವರ್ಷವರ್ಷ ಹೇಳ್ತಿದ್ದವರು ಅವರೊಬ್ಬರೇ. ಅವರನ್ನ ತಳ್ಳಿ ನಾನು ಯಾವ ಬಾಯಲ್ಲಿ ಅಂಗಡಿ ತೆರೀಲಿ? ನಾನು ಮುಂದೆ ಕಟ್ಟೆ ಹತ್ತಿರ ಇದ್ದೆ. ಕತ್ತರಿ ಮಾವ ಎದುರಿಗೇ ಕೂತಿದ್ರು. ಸದ್ದು ಕೇಳಿ ಇಬ್ಬರೂ ಒಟ್ಟಿಗೇ ಓಡಿದ್ವಿ."

ಮೌನಿ ಹೊರಗೆ ಹೋಗಿ ಕತ್ತರಿಯನ್ನು ಕೇಳಿಕೊಂಡು ಬಂದ. ಹೌದು ಎಂದು ತಲೆಯಾಡಿಸಿದ.

ಇನ್ನು ಉಳಿದದ್ದು ಮಹಡಿಯ ಕೋಣೆಯೊಂದೇ.

ಇನ್ಸ್‌ಪೆಕ್ಟರಮ್ಮ ಮತ್ತೆ ಮೆಟ್ಟಿಲು ಹತ್ತಿದಳು. ಹಿಂದೆ ಸೊಸೆ, ಅವಳ ಹಿಂದೆ ಮೌನಿ. ಮುದುಕಿ ಅದೇ ಕುರ್ಚಿಯಲ್ಲಿದ್ದಳು. ತಟ್ಟೆಯಲ್ಲಿ ಬ್ರೆಡ್ಡು ಹಾಗೇ ಇತ್ತು, ಲೋಟದ ಹಾಲಿನ ಮೇಲೆ ಕೆನೆ ಕಟ್ಟಿತ್ತು.

ಇನ್ಸ್‌ಪೆಕ್ಟರಮ್ಮ ಈ ಸಲ ಸ್ಟೂಲಿನ ಮೇಲೆ ಕೂರಲಿಲ್ಲ. ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು.

"ಅಮ್ಮ, ಅವರು ನಿಮ್ಮ ಮಗ ಅಂತ ನನಗೆ ಗೊತ್ತಿರಲಿಲ್ಲ."

ಮುದುಕಿ ಸೊಸೆಯ ಮುಖ ನೋಡಿದಳು, ಆಮೇಲೆ ಇವಳದ್ದು.

"ಗೊತ್ತಿದ್ದಿದ್ರೆ ಬೇರೆ ಥರ ಹೇಳ್ತಿದ್ಯಾ ಮಗಳೇ?"

"ಗೊತ್ತಿಲ್ಲ."

"ಬೇರೆ ಥರ ಅಂತ ಏನಿರತ್ತೆ, ಬಿಡು."

"ನೀವು ಒಂದು ಹನಿ ಕಣ್ಣೀರೂ ಹಾಕಲಿಲ್ಲ."

"ಪರವಾನಗಿ ಸಾಹೇಬ ಸತ್ತರೆ ದೊಡ್ಡಮ್ಮ ಯಾಕೆ ಅಳಬೇಕು?" ಮುದುಕಿಯ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನೀನು ಪೊಲೀಸು. ನಾನು ಅತ್ತಿದ್ರೆ ಈ ಹುಡುಗಿ ಜೈಲಿಗೆ ಹೋಗ್ತಿದ್ಲು. ಎರಡು ಹೊತ್ತು ಬಿಸಿಬಿಸಿ ಊಟ ಹಾಕಿದಾಳೆ ನನಗೆ. ಅದಕ್ಕೇ ಅಳು ಬಂದಾಗ ಇರು ಅಂದೆ. ಇರು ಅಂದ್ರೆ ಅದು ಆಮೇಲೆ ಬರೋದೇ ಇಲ್ಲ. ನಿನಗೂ ಗೊತ್ತಿರಬೇಕು. ನಿನ್ನ ಮುಖ ನೋಡಿದ್ರೆ ಹಾಗನ್ನಿಸತ್ತೆ."

ಇನ್ಸ್‌ಪೆಕ್ಟರಮ್ಮ ತಲೆ ತಗ್ಗಿಸಿದಳು. ಬೀದಿಯಲ್ಲಿ ಯಾವುದೋ ಗಾಡಿಯವನು ಹಾರ್ನ್ ಹೊಡೆಯುತ್ತ ಹೋದ.

"ಬರಲ್ಲ ಅಂತ ಮಗನಿಗೆ ಹೇಳಿದ್ರಂತೆ."

"ಹೇಳಿದೆ."

"ಜಗಳ ಆಯ್ತಾ?"

"ಅವನು ಜಗಳ ಆಡೋನಲ್ಲ. ಚಿಕ್ಕಂದಿನಿಂದಲೂ ಸುಳ್ಳು ಹೇಳಿ ಕೆಲಸ ಮಾಡಿಸ್ಕೊಳ್ಳೋನು."

"ಮತ್ತೆ ನೆಲಮಾಳಿಗೆ ಕಡೆ ಯಾಕೆ ಹೋದ್ರು? ಅಲ್ಲಿ ಅವರಿಗೇನು ಕೆಲಸ?"

ಮುದುಕಿ ಉತ್ತರ ಕೊಡುವ ಮುಂಚೆ ಇನ್ನೊಂದು ಸಲ ಸೊಸೆಯ ಕಡೆ ನೋಡಿದಳು. ಈ ಸಲದ ನೋಟದಲ್ಲಿ ಕ್ಷಮೆ ಕೇಳುವಂಥದ್ದೇನೋ ಇತ್ತು.

"ಅವನು ಬರೋದಕ್ಕೆ ಮುಂಚೆ ಇನ್ನೊಬ್ಬಳು ಬಂದಿದ್ಲು," ಅಂದಳು. "ಹಿತ್ತಿಲ ಕಡೆಯಿಂದ ಬಂದಿರಬೇಕು. ನೀನು ಮುಂದೆ ಇದ್ದೆ, ನಿನಗೆ ಗೊತ್ತಾಗಲಿಲ್ಲ. ನನ್ನಷ್ಟೇ ವಯಸ್ಸು. ಬಾಗಿಲು ತಟ್ಟದೇ ಸೀದಾ ಒಳಗೆ ಬಂದ್ಲು. ಇಲ್ಲೇ ನಿಂತು ನನ್ನ ಮುಖಾನೇ ನೋಡಿದ್ಲು. ನನ್ನ ಹೆಸರಿಟ್ಕೊಂಡು ಕೂತಿರೋಳು ನೀನೇನಾ ಅಂದ್ಲು."

ಸೊಸೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಅತ್ತೆ ಸತ್ತಿದಾರೆ," ಅಂದಳು. "ಸತ್ತಿದಾರೆ ಅಂತ ಸಾಹೇಬರೇ..."

"ಹೇಳಿದ್ದು ನನ್ನ ಮಗ ತಾನೇ," ಅಂದಳು ಮುದುಕಿ.

ಇನ್ಸ್‌ಪೆಕ್ಟರಮ್ಮ ನೆಲದಿಂದ ಏಳಲಿಲ್ಲ. "ಆಮೇಲೆ?" ಅಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಮುದುಕಿಗೆ ಕೇಳಿಸಿತು.

"ನನ್ನ ಮೇಲೆ ಕೋಪ ಮಾಡ್ಕೊಳ್ಳಲಿಲ್ಲ. ನಿನ್ನನ್ನ ಇಲ್ಲಿ ಕೂರಿಸಿದ್ದು ಯಾರು ಅಂತ ಕೇಳಿದ್ಲು. ಹೇಳಿದೆ. ನೆಲಮಾಳಿಗೆ ಬಾಗಿಲ ಹತ್ತಿರ ನಿಂತಿರ್ತೀನಿ, ನಿನ್ನ ಮಗ ಬಂದಾಗ ಕಳಿಸು ಅಂದ್ಲು."

ಮುದುಕಿ ಕಿಟಕಿಯ ಕಡೆ ತಿರುಗಿದಳು.

"ಕಳಿಸಿದೆ."